ಫಿಲೆಮು ಹಿಡಿದ ಗಾಳಿ

ವಾರಕ್ಕೊಮ್ಮೆ, ಗಾಳಿ ಕಡಲ ಕಡೆಯಿಂದ ನೆಟ್ಟಗೆ ಬೀಸುವ ಹೊತ್ತು ನೋಡಿಕೊಂಡು, ಫಿಲೆಮು ಬಂಡೆಯ ಮೇಲಿನ ಹವಾಮಾನ ಕೇಂದ್ರಕ್ಕೆ ಹೋಗಿ ಗಾಜಿನ ಬುರುಡೆಗಳಿಗೆ ಗಾಳಿ ತುಂಬಿಸುತ್ತಿದ್ದಳು. ಹನ್ನೊಂದು ವರ್ಷದಿಂದ ಅವಳದು ಇದೇ ಕೆಲಸ. ಬುರುಡೆಗಳು ವಿಮಾನದಲ್ಲಿ ಅಮೆರಿಕದ ಒಂದು ಪ್ರಯೋಗಾಲಯಕ್ಕೆ ಹೋಗುತ್ತಿದ್ದವು. ಅಲ್ಲಿ ಆಮ್ಲಜನಕ ಅಳೆಯುತ್ತಿದ್ದರು. ಕಡಲು ಗಾಳಿಗೆ ಆಮ್ಲಜನಕ ಕೊಡುತ್ತದೆ, ಗಾಳಿಯಿಂದ ಎಳೆದುಕೊಳ್ಳುತ್ತದೆ. ಈ ಕೊಡುಕೊಳ್ಳುವಿಕೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆಂದು ತಿಳಿಯಲು ಅವರಿಗೆ ಶಾಂತಸಾಗರದ ನಡುವಿರುವ ನಮ್ಮ ಸಮೋವಾ ದ್ವೀಪದ ಗಾಳಿ ಬೇಕಿತ್ತು.

ನಾನು ಲಾಗಿ, ಅವಳ ಚಿಕ್ಕಮ್ಮನ ಮಗಳು, ಊರ ಶಾಲೆಯ ಟೀಚರು. ಆಗಸ್ಟ್‌ನಲ್ಲಿ ಪ್ರಯೋಗಾಲಯದ ಹಾರ್ಲನ್ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

"ಫಿಲೆಮು, ನಾಲ್ಕು ತಿಂಗಳಿಂದ ನಿಮ್ಮ ಬುರುಡೆಗಳಲ್ಲಿ ಆಮ್ಲಜನಕ ಕಮ್ಮಿ ಬರ್ತಿದೆ. ಪೈಪೋ ಪಂಪೋ ಕೆಟ್ಟಿರ್ಬೇಕು. ಈ ಅಂಕಿಗಳನ್ನ ಕೈಬಿಡ್ತೀವಿ."

"ಪ್ರತಿ ವಾರ ಪರೀಕ್ಷೆ ಮಾಡೇ ತುಂಬ್ಸೋದು. ಏನೂ ಕೆಟ್ಟಿಲ್ಲ."

"ಮತ್ತೆ ಬೇರೆ ಏನು ಕಾರಣ?"

"ಕಡಲು. ಒಂದು ತಿಂಗಳು ತಡೀರಿ. ಬೇರೆ ಪಂಪು, ಬೇರೆ ಪೈಪಲ್ಲಿ ಹಿಡಿದು ಕಳಿಸ್ತೀನಿ. ಆಮೇಲೆ ಮಾತಾಡಿ."

ಅವತ್ತೇ ಸಂಜೆ ನಾವಿಬ್ಬರೂ ಇಯೋಸುವಾ ಮಾವನ ಮನೆಗೆ ಹೋದೆವು. ಮಾವನ ಹತ್ತಿರ ಜೋಡಿ ಒಡಲಿನ ಮೀನುದೋಣಿಯಿತ್ತು. ಬೇಯಿಸಿದ ಕೆಸುವಿನ ಗೆಡ್ಡೆ ಮುಂದಿಟ್ಟುಕೊಂಡು ಕೋಕೋ ಕುಡಿಯುತ್ತಿದ್ದರು. ಅವರ ದೋಣಿಯಲ್ಲಿ ನಡುಗಡಲಿಗೆ ಹೋಗಿ ಗಾಳಿ ಹಿಡಿಯಬೇಕೆಂಬ ವಿಷಯ ಕೇಳಿ ನಕ್ಕೇಬಿಟ್ಟರು.

"ಅಲ್ಲಮ್ಮಾ, ಈ ಗಾಳೀಲಿ ಮೀನು ಹಿಡಿಯೋಕೇ ಹೋಗ್ತಿಲ್ಲ ನಾನು. ಇನ್ನು ಗಾಳಿ ಹಿಡಿಯೋಕೆ ಹೋಗ್ಲಾ?"

"ಮೂಡಣ ಗಾಳಿ ಈ ವರ್ಷ ಮಲಗೇ ಇಲ್ಲ ಅಂತಿದ್ರಲ್ಲ ಮಾವ, ಯಾವಾಗಿಂದ?"

"ಏಪ್ರಿಲ್‌ನಿಂದ."

"ನನ್ನ ಬುರುಡೇಲಿ ಆಮ್ಲಜನಕ ಇಳಿದಿರೋದೂ ಏಪ್ರಿಲ್‌ನಿಂದ್ಲೇ."

ಮಾವ ಬಟ್ಟಲು ಕೆಳಗಿಟ್ಟು ಅವಳ ಮುಖ ನೋಡಿದರು. "ಮಂಗಳವಾರ ಬೆಳಿಗ್ಗೆ ಕಡಲಿನ ಉಬ್ಬರ ಚೆನ್ನಾಗಿದೆ. ಹೊರಡೋಣ. ಈ ಟೀಚರಮ್ಮನೂ ಬರ್ಲಿ, ಮಕ್ಕಳಿಗೆ ಗದರೋದು ಬಿಟ್ಟು ಒಂದಿನ ಅಲೆಗೆ ಗದರ್ಲಿ."

ಮಂಗಳವಾರ ಫಿಲೆಮು ಮೊದಲು ಕೇಂದ್ರದಲ್ಲಿ ಎರಡು ಬುರುಡೆ ತುಂಬಿಸಿ ಬಂದಳು. ಆಮೇಲೆ ದಡದ ಸುತ್ತಲಿನ ಹವಳದ ದಿಬ್ಬದ ಬಾಯಿ ದಾಟಿ ಮೂಡಣಕ್ಕೆ ಹೊರಟೆವು. ಅಲೆ ದೋಣಿಯನ್ನು ಎತ್ತಿ ಎತ್ತಿ ಕುಕ್ಕುತ್ತಿತ್ತು. ನನಗೆ ಎರಡು ಸಲ ವಾಂತಿಯಾಯಿತು. ಆದರೂ ಬುರುಡೆಯ ಪೆಟ್ಟಿಗೆಯನ್ನು ಮಡಿಲಿನಿಂದ ಇಳಿಸಲಿಲ್ಲ. ದಡ ಸಣ್ಣಗಾದ ಮೇಲೆ ಮಾವ ಹೊಗೆ ತಾಗದಿರಲೆಂದು ಎಂಜಿನ್ ನಿಲ್ಲಿಸಿ, ಹುಟ್ಟು ಹಾಕುತ್ತ ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ಹಿಡಿದರು. ಫಿಲೆಮು ಮುಂತುದಿಯಲ್ಲಿ ಮಂಡಿಯೂರಿ, ಪೈಪನ್ನು ಕೋಲಿಗೆ ಕಟ್ಟಿ ಮುಂದಕ್ಕೆ ಚಾಚಿ, ಬ್ಯಾಟರಿ ಪಂಪು ಚಾಲು ಮಾಡಿದಳು.

"ಲಾಗಿ, ಹಿಂದೆ ಹೋಗೇ! ನಿನ್ನ ಉಸಿರು ನಂಗೆ ಬೇಡ."

ಮೂರನೆಯ ಬುರುಡೆಯ ಹೊತ್ತಿಗೆ ಒಂದು ಅಲೆ ಅಡ್ಡ ಹೊಡೆದು, ನನ್ನ ಕೈಲಿದ್ದ ಬುರುಡೆ ಜಾರಿ ಒಡೆಯಿತು. ನನಗೆ ಅಳುವೇ ಬಂತು.

"ಹೋಗ್ಲಿ ಬಿಡೇ, ಇನ್ನೂ ಮೂರಿದೆ. ಮುಂದಿನದು ಕೊಡು," ಎಂದಳು, ತಿರುಗಿಯೂ ನೋಡದೆ.

ಬುರುಡೆಗಳು ಆ ವಾರವೇ ಹೋದವು. ಇಪ್ಪತ್ತಮೂರನೆಯ ದಿನ ಹಾರ್ಲನ್ ಫೋನ್ ಮಾಡಿದ.

"ದೋಣಿಯ ಗಾಳಿ, ಕೇಂದ್ರದ ಗಾಳಿ, ಎರಡೂ ಒಂದೇ. ನಿಮ್ಮ ಪೈಪಲ್ಲಿ ತಪ್ಪಿಲ್ಲ. ಮೂಡಣದಲ್ಲಿ ಜೋರು ಗಾಳಿ ಆಳದ ನೀರನ್ನ ಮೇಲಕ್ಕೆಳೀತಿದೆ ಅನ್ಸತ್ತೆ. ಆ ನೀರಲ್ಲಿ ಆಮ್ಲಜನಕ ಕಮ್ಮಿ. ಮೇಲೆ ಬಂದಿದ್ದೇ ಗಾಳಿಯಿಂದ ಹೀರ್ಕೊಳ್ಳುತ್ತೆ. ಹತ್ತು ಲಕ್ಷಕ್ಕೆ ಒಂದೆರಡು ಪಾಲು ಅಷ್ಟೆ, ಉಸಿರಿಗೆ ಗೊತ್ತಾಗಲ್ಲ. ನನ್ನನ್ನ ಕ್ಷಮಿಸಿ."

"ಅದಿರ್ಲಿ. ಇನ್ಮೇಲೆ ಅಂಕಿ ಕೈಬಿಡೋ ಮುಂಚೆ, ಹಿಡಿದವಳನ್ನ ಒಂದು ಮಾತು ಕೇಳಿ."

"ಖಂಡಿತ," ಎಂದ.

ಭಾನುವಾರ ಚರ್ಚು ಬಿಟ್ಟ ಮೇಲೆ ಊಟಕ್ಕೆ ಕೂತಾಗ ಇಯೋಸುವಾ ಮಾವ ಅಲೆಯನ್ನು ತೆಂಗಿನ ಮರದಷ್ಟು ಎತ್ತರ ಮಾಡಿ ಕತೆ ಹೇಳಿದರು. ಫಿಲೆಮು ತಿದ್ದಲಿಲ್ಲ, ಮೀನಿನ ದೊಡ್ಡ ತುಂಡನ್ನು ಅವರ ತಟ್ಟೆಗೆ ಹಾಕಿದಳು.

ಆ ನಾಲ್ಕು ತಿಂಗಳ ಅಂಕಿಗಳು ದಾಖಲೆಯಲ್ಲಿ ಉಳಿದವು. ಮರುವರ್ಷ ಮೂಡಣ ಗಾಳಿಯ ಜೋರು ತಗ್ಗಿತು. ಮಾವ ವಾರಕ್ಕೆ ನಾಲ್ಕು ದಿನ ಮೀನಿಗೆ ಹೋಗತೊಡಗಿದರು, ಬುರುಡೆಯಲ್ಲಿ ಆಮ್ಲಜನಕ ನಿಧಾನವಾಗಿ ಮೇಲೇರಿತು.