ಎರಡರಿಂದ ಮೂರಕ್ಕೆ

ಚೆಂಬೂರಿನ ಸಿಗ್ನಲ್ ಹಸಿರಾಯಿತು. ಪ್ರಶಾಂತ ಎರಡನೇ ಗೇರಿಗೆ ಬಂದ. ಮೂರಕ್ಕೆ ಹಾಕಲು ಕಾಲಿನಿಂದ ಎತ್ತಿದರೆ ಲಿವರ್ ಅಲುಗಲಿಲ್ಲ. ಇನ್ನೊಮ್ಮೆ ಎತ್ತಿದ. ಖಟ್ ಎಂದು ಗೇರು ಬಿದ್ದು ಗಾಡಿ ಮುಗ್ಗರಿಸಿತು. ಹಿಂದಿನ ರಿಕ್ಷಾದವನು ಅವನ ಮನೆತನದವರನ್ನೆಲ್ಲ ನೆನೆಸಿಕೊಂಡು ಪಕ್ಕದಿಂದ ಮುಂದೆ ಹೋದ. ಪ್ರಶಾಂತ ಬೈದದ್ದು ಮಾತ್ರ ಸೀನನನ್ನು.

ಸೀನ ಅವನ ಚಿಕ್ಕಮ್ಮನ ಮಗ. ಭಾಂಡುಪಿನ ಸಾಲುಕೋಣೆಗಳ ಒಂದೇ ಚಾಳಿನಲ್ಲಿ, ಪ್ರಶಾಂತನ ತಾಯಿ ಅಕ್ಕು ಕಲಸಿಕೊಟ್ಟ ತುತ್ತು ತಿಂದು ಬೆಳೆದವರು ಇಬ್ಬರೂ. ಲಡಾಖಿನವರೆಗೆ ಹೋಗಿ ಬಂದ ಈ ದೊಡ್ಡ ಟೂರಿಂಗ್ ಬೈಕನ್ನು ಸೀನ ಮಳೆಗಾಲಕ್ಕೆ ಮುಂಚೆ ಅವನಿಗೆ ಮಾರಿದ್ದ. ಬೆನ್ನು ನೋವು, ಇನ್ನು ದೂರ ಓಡಿಸಲಾಗದು ಎಂದಿದ್ದ. ದರವನ್ನೂ ಇಳಿಸಿ ಕೊಟ್ಟಿದ್ದ. ಅವತ್ತು ಪ್ರೀತಿಯೆಂದು ಕಂಡದ್ದು ಪ್ರಶಾಂತನಿಗೆ ಈಗ ಮೋಸವೆಂದು ಕಾಣುತ್ತಿತ್ತು. ಬೆನ್ನು ನೋವಿನವನು ಹೋಟೆಲಿನ ಕೌಂಟರಿನಲ್ಲಿ ದಿನವಿಡೀ ನಿಲ್ಲುವುದುಂಟೇ? ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಮಾಡಬೇಕಾದದ್ದನ್ನೆಲ್ಲ ಅವನು ಮಾಡಿ ನೋಡಿದ್ದ. ಎಂಜಿನ್ ಆಯಿಲ್ ಬದಲಾಯಿಸಿದ, ಕ್ಲಚ್ ಕೇಬಲ್ ಬಿಗಿ ಮಾಡಿಸಿದ, ಚೈನ್ ಸಡಿಲಿಸಿದ. ಒಂದಕ್ಕೂ ಗೇರು ಬಗ್ಗಲಿಲ್ಲ. ಕೊನೆಗೆ ವಡಾಲದ ಮೆಕ್ಯಾನಿಕ್ ಗುರುಪಾದನ ಬಳಿಗೆ ಒಯ್ದ. ಕಲಬುರಗಿ ಕಡೆಯ ಗುರುಪಾದ ಫುಟ್‌ರೆಸ್ಟಿನ ಗೀರುಗಳ ಮೇಲೆ ಬೆರಳಾಡಿಸಿ, ಉರಿಯುವ ಬೆಂಕಿಗೆ ತುಪ್ಪ ಸುರಿದ.

“ಗಾಡಿ ಒಮ್ಮಿ ಜೋರ್ ಬಿದ್ದಂಗ ಕಾಣ್ತದ್ರಿ. ಕೊಟ್ಟೋರು ಹೇಳಿಲ್ಲೇನ್ರಿ?”

ಹೇಳಿರಲಿಲ್ಲ. ಗೇರ್‌ಬಾಕ್ಸನ್ನೇ ಬಿಚ್ಚಬೇಕು ಎಂದ ಗುರುಪಾದ. ಪ್ರಶಾಂತ ಮನೆಗೆ ಬಂದು ತಾಯಿಯ ಮುಂದೆ ಎಲ್ಲವನ್ನೂ ಕಕ್ಕಿದ. ಅಕ್ಕು ಬಸಳೆಯ ದಂಟು ಕೊಯ್ಯುತ್ತಿದ್ದವಳು ತಲೆಯೆತ್ತದೆ ಹೇಳಿದಳು:

“ಅವ ಮನಸ್ಸಿಲ್ಲದೆ ಕೊಟ್ಟದ್ದು. ಗಾಡಿ ಬಿಟ್ಟು ಹೋಗುವಾಗ ಆ ತಿರುವಿನಲ್ಲಿ ನಿಂತು ತಿರುಗಿ ತಿರುಗಿ ನೋಡಿದ್ದಾನೆ. ನಾನು ಆವಾಗ್ಲೇ ಅಂದುಕೊಂಡೆ.”

ಏನಂದುಕೊಂಡಳೆಂದು ಕೇಳುವ ತಾಳ್ಮೆ ಪ್ರಶಾಂತನಿಗಿರಲಿಲ್ಲ. ಸೀನನಿಗೆ ಫೋನ್ ಮಾಡಿ ಭಾನುವಾರ ಬರಲು ಹೇಳಿದ. ‘ಮನೆಯವನಿಗೇ ಟೋಪಿ ಹಾಕಿದೆಯಲ್ಲ’ ಎಂಬ ಮಾತನ್ನು ಸಿದ್ಧವಾಗಿಟ್ಟುಕೊಂಡ. ಸೀನ ತಪ್ಪು ಒಪ್ಪದಿದ್ದರೆ ಅವನು ಮತ್ತೆ ಈ ಮನೆಯ ಹೊಸ್ತಿಲು ತುಳಿಯುವುದು ಬೇಡ ಎಂದು ಗಟ್ಟಿ ಮಾಡಿಕೊಂಡಿದ್ದ.

ಭಾನುವಾರ ಬಂದ ಸೀನ ಮೇಲೆ ಹತ್ತಲೇ ಇಲ್ಲ. ಬಿಲ್ಡಿಂಗಿನ ಅಂಗಳದಲ್ಲಿ ಬೈಕಿನ ಪಕ್ಕ ಕೂತು ಲಿವರನ್ನು ಕೈಯಿಂದ ಎತ್ತಿ, ಒತ್ತಿ ನೋಡಿದ. ಗೋಣಿಚೀಲ ಹಾಸಿ, ಸೊಂಟ ಹಿಡಿದುಕೊಂಡು, ಹಲ್ಲು ಕಚ್ಚಿ ಅದರ ಮೇಲೆ ಮಲಗಿದ. ಪ್ರಶಾಂತನಿಗೆ ಒಮ್ಮೆ ಅಯ್ಯೋ ಅನ್ನಿಸಿತು. ನಾಟಕವೂ ಇರಬಹುದು ಎಂದು ಕೂಡಲೇ ಸಮಾಧಾನ ಮಾಡಿಕೊಂಡ.

“ಗಾಡಿ ಬಿದ್ದಿತ್ತಂತಲ್ಲ?” ಎಂದ.

“ಬಿದ್ದಿದೆ. ಆವತ್ತು ಒಟ್ಟಿಗೆ ಹೋದಾಗ ಲೋನಾವಳದಲ್ಲಿ ನೀನೇ ಸ್ಟ್ಯಾಂಡ್ ಹಾಕದೆ ಬೀಳಿಸಿದ್ದಲ್ವಾ? ಸ್ವಲ್ಪ ಆ ಇಕ್ಕಳ ಕೊಡು.”

ಪ್ರಶಾಂತ ಇಕ್ಕಳ ಕೊಟ್ಟ. ಅಷ್ಟರಲ್ಲಿ ಅಕ್ಕು ಕಾಫಿ ಹಿಡಿದು ಇಳಿದು ಬಂದಳು. ಸೀನ ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಸರಳಿನ ಕೀಲಿನೊಳಗಿಂದ ಏನನ್ನೋ ಎಳೆಯುತ್ತಿದ್ದ. ಗ್ರೀಸು, ಕೆಸರು ಮೆತ್ತಿ, ಮಳೆನೀರಿಗೆ ಉಬ್ಬಿದ ದಾರ. ಎಳೆದಷ್ಟೂ ಬಂತು. ಪೂರ್ತಿ ಬಂದ ಮೇಲೆ ಸೀನ ಎದ್ದು ಕೂತು, ಹಿಂದಿನ ಚಕ್ರವನ್ನು ತಿರುಗಿಸುತ್ತ ಲಿವರ್ ಎತ್ತಿದ. ಎರಡು, ಮೂರು, ನಾಲ್ಕು. ಎಲ್ಲೂ ತಡೆಯಲಿಲ್ಲ.

“ಇಷ್ಟೇ ಮಾರಾಯ,” ಎಂದು ನಕ್ಕು, ದಾರವನ್ನು ಬಟ್ಟೆಯಲ್ಲಿ ಒರೆಸಿದ. ಕಪ್ಪು ದಾರ, ನಡುವೆ ಮೂರು ಗಂಟು. ಸೀನನ ನಗು ಅಲ್ಲೇ ನಿಂತಿತು. ಕೂತಾಗ ಮೇಲೆ ಸರಿದ ಅವನ ಪ್ಯಾಂಟಿನ ಕೆಳಗೆ, ಎಡಗಾಲಿನಲ್ಲಿ ಅಂಥದೇ ದಾರ, ಅಂಥದೇ ಮೂರು ಗಂಟು. ಲಡಾಖಿಗೆ ಹೊರಟ ದಿನ ಯಾರ ಕಣ್ಣೂ ಬೀಳದಿರಲಿ ಎಂದು ಅಕ್ಕುವೇ ಕಟ್ಟಿದ್ದು. ಬಣ್ಣ ಹೋಗಿದ್ದರೂ ಅವನು ಬಿಚ್ಚಿರಲಿಲ್ಲ.

“ಗಾಡಿಗೂ ಕಾಲಿಗೇ ಕಟ್ಟಬೇಕಲ್ವಾ ಅಂತ...” ಅಕ್ಕುವಿನ ಸ್ವರ ಸಣ್ಣದಾಯಿತು. “ಇಲ್ಲಿಗೆ ಬಂದ ದಿನ ಕಾಲಿಡುವಲ್ಲಿ ಕಟ್ಟಿದ್ದು. ದೃಷ್ಟಿಗೆ.”

“ಯಾರ ದೃಷ್ಟಿಗೆ, ದೊಡ್ಡಮ್ಮ?”

ಅಕ್ಕು ಕಾಫಿ ಆರುತ್ತದೆ ಎಂದಳು. ಪ್ರಶಾಂತನಿಗೆ ನಾಚಿಕೆಯಾಯಿತು; ಸಿದ್ಧವಾಗಿಟ್ಟ ಮಾತು ಗಂಟಲಲ್ಲೇ ಉಳಿದದ್ದು ತನ್ನ ಪುಣ್ಯ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಮುಂದಿನ ಭಾನುವಾರ ಇಬ್ಬರೂ ಒಂದು ಸುತ್ತು ಹೋಗುವ ಎಂದ. ನೋಡುವ ಎಂದ ಸೀನ.

ಅವನು ನಿಂತೇ ಕಾಫಿ ಕುಡಿದ. ಲೋಟವನ್ನೂ ದಾರವನ್ನೂ ದೊಡ್ಡಮ್ಮನ ಕೈಗಿತ್ತು ಸ್ಟೇಷನ್ನಿನ ಕಡೆ ಹೊರಟ. ಅಕ್ಕು ದಾರವನ್ನು ಮುಷ್ಟಿಯಲ್ಲಿ ಹಿಡಿದು ಗೇಟಿನವರೆಗೆ ಬಂದು ನೋಡುತ್ತ ನಿಂತಳು. ತಿರುವಿನಲ್ಲಿ ಒಂದು ಟೆಂಪೋ ಅಡ್ಡ ಬಂತು. ಸೀನ ಸೊಂಟದ ಮೇಲೆ ಕೈಯಿಟ್ಟು, ಅದು ಹೋಗುವವರೆಗೆ ಬೆನ್ನು ಹಾಕಿ ನಿಂತಿದ್ದ. ಆಮೇಲೆ ರಸ್ತೆ ದಾಟಿದ. ಈ ಸಲ ಅವನು ತಿರುಗಿ ನೋಡಲಿಲ್ಲ.