ಮುಖಕ್ಕೆ ಮುಖ

“ಎರಡನ್ನೂ ಮುಖಕ್ಕೆ ಮುಖ ಇಡಿ ಅತ್ತಿಗೆ, ಆಮೇಲೆ ಮಾತಾಡೋಣ,” ಎನ್ನುತ್ತ ಮೈದುನ ಸುಟ್ಟುಹೋದ ಆಲ್ಟರ್ನೇಟರನ್ನು ಕೌಂಟರಿನ ಮೇಲೆ ಧೊಪ್ಪೆಂದು ಇಳಿಸಿದ. ಕರಟಿದ ತಾಮ್ರದ ವಾಸನೆ ಅಂಗಡಿ ತುಂಬ ಹರಡಿತು.

ಬಂದರಿನವರೆಲ್ಲ ಅವಳನ್ನು ಕರೆಯುವುದು ಪಾರ್ಟ್ಸಕ್ಕ ಎಂದು. ಗಂಡ ದೋಣಿ ನಡೆಸುತ್ತಾನೆ, ಮೈದುನ ಇಂಜಿನ್ ಬಿಚ್ಚುತ್ತಾನೆ, ಬಿಚ್ಚಿದ್ದಕ್ಕೆ ಬದಲಿ ಕೊಡುವುದು ಇವಳು. ಮುಖಕ್ಕೆ ಮುಖ ಇಡುವುದು ಅವಳ ಅಪ್ಪ ಕಲಿಸಿದ ಪಾಠ. ಹಳೆಯದನ್ನೂ ಹೊಸದನ್ನೂ ಎದುರುಬದುರು ಕೂರಿಸು, ಕನ್ನಡಿಯಲ್ಲಿ ಕಂಡ ಹಾಗೆ ಹೊಂದಿದರೆ ಕಣ್ಣು ಮುಚ್ಚಿ ಕೊಟ್ಟುಬಿಡು. ಅಪ್ಪನ ಕಾಲದಿಂದ ಈ ಅಂಗಡಿಯ ಸಾಮಾನು ವಾಪಸು ಬಂದದ್ದಿಲ್ಲ.

ಈ ದೋಣಿಯ ಇಂಜಿನ್ನಿಗೇ ಅಂತ ಇರುವ ಆಲ್ಟರ್ನೇಟರ್ ಸಂಜೆಯ ಬಸ್ಸಿಗೆ ಬರಬೇಕಿತ್ತು. ಸದ್ಯಕ್ಕೆ ಕಪಾಟಿನಲ್ಲಿದ್ದದ್ದು ಬೇರೆ ಇಂಜಿನ್ನಿನದು. ಯಾರೋ ಹೇಳಿ ತರಿಸಿ, ಒಯ್ಯದೆ ಬಿಟ್ಟದ್ದು. ಅವಳು ಅದರ ಧೂಳು ಒರೆಸಿ ಹಳೆಯದರ ಎದುರಿಗೆ ಕೂರಿಸಿದಳು. ವೋಲ್ಟು ಅದೇ, ಆಂಪ್ಸೂ ಅದೇ. ಬೋಲ್ಟು ಹಾಕುವ ಕಿವಿಗಳು ನೇರಕ್ಕೆ ನೇರ ಬಂದವು. ಬೆಲ್ಟ್ ಸುತ್ತುವ ಪುಲ್ಲಿಯ ಹಿಂದೆ, ತಂಪು ಮಾಡುವ ಫ್ಯಾನಿನ ರೆಕ್ಕೆಗಳು ಎರಡರಲ್ಲೂ ಬಾಗಿಲ ಕಡೆಗೇ ವಾಲಿದ್ದವು.

“ಏನೇ, ಅವೆರಡೂ ಗುಟ್ಟು ಮಾತಾಡ್ಕೊಳ್ತಿವೆಯಾ?” ಎಂದು ಗಂಡ ಬಾಗಿಲಲ್ಲೇ ನಿಂತು ಅವಸರ ಮಾಡಿದ. “ಎಲ್ಲರ ದೋಣೀನೂ ಹೊರಟಿದೆ. ನಮ್ಮದೊಂದೇ ಕಟ್ಟಿಹಾಕಿದ ದನದ ಹಾಗೆ ನಿಂತಿದೆ.”

“ಸಂಜೆ ಬಸ್ಸಿಗೆ ಸರಿಯಾದ್ದೇ ಬರುತ್ತಲ್ರೀ.”

“ಸಂಜೆವರೆಗೆ ಮೀನು ನಿನ್ನ ಬಸ್ಸಿಗೆ ಕಾಯ್ಕೊಂಡು ಕೂತಿರುತ್ತಾ?”

ಹೊರಗೆ ಬಲೆ ಮಡಚುತ್ತಿದ್ದ ಮಾವ ನಕ್ಕರು. “ನಾನೂ ನಿಮ್ಮತ್ತೇನೂ ಜೀವಮಾನವೆಲ್ಲ ಹೀಗೇ ಎದುರುಬದುರು ಕೂತಿದ್ವಮ್ಮಾ. ಹೊಂದಿತೇನು?”

ಅವಳಿಗೂ ನಗು ಬಂತು. ಆದರೆ ಕೈ ಮಾತ್ರ ಹೊಸ ಆಲ್ಟರ್ನೇಟರನ್ನು ಬಿಡಲಿಲ್ಲ. ಆ ದೋಣಿಯ ಹಿಂಭಾಗದಲ್ಲಿ ನೀರು ಒಸರುವುದು ಅವಳಿಗೆ ಗೊತ್ತು. ನೀರೆತ್ತುವ ಪಂಪು ಹಗಲಿರುಳು ಓಡುತ್ತಲೇ ಇರಬೇಕು. ಪಂಪಿಗೂ ದೀಪಕ್ಕೂ ಬ್ಯಾಟರಿ, ಬ್ಯಾಟರಿ ತುಂಬಲು ಇದು. ಇದು ನಿಂತರೆ ಉಳಿಯುವುದು ಒಂದು ಬಕೆಟ್ಟು, ಮಾವನ ನಡುಗುವ ಎರಡು ಕೈ.

ಮತ್ತೊಮ್ಮೆ ಬಗ್ಗಿ ನೋಡಿದಳು. ಕನ್ನಡಿ ಹಿಡಿದಂತಿತ್ತು. “ತಗೊಂಡು ಹೋಗಿ,” ಎಂದಳು.

ಮೈದುನ ಅದನ್ನು ಸಲೀಸಾಗಿ ಕೂರಿಸಿದ. ಬೆಲ್ಟ್ ಬಿಗಿದು ಇಂಜಿನ್ ಚಾಲೂ ಮಾಡಿದಾಗ ಕೆಂಪು ದೀಪ ಒಮ್ಮೆ ಮಿಣುಕಿ ಆರಿತು. “ಕೂತ್ಕೊಂತು ಅತ್ತಿಗೆ!” ಎಂದು ಅವನು ದೋಣಿಯಿಂದ ಕೂಗಿದ. ಅಂಗಡಿಯವರ ಬಾಯಲ್ಲಿ ಅದಕ್ಕಿಂತ ಒಳ್ಳೆಯ ಮಾತಿಲ್ಲ. ಅವನು ದಡಕ್ಕೆ ಹಾರಿಕೊಂಡ, ಮಾವನೂ ಗಂಡನೂ ಹೊರಟರು. ಮಾವ ಹಗ್ಗದ ಸುರುಳಿಯ ಮೇಲೆ ಕೂತು, ತಾನೂ ಕೂತ್ಕೊಂಡೆ ಎಂಬಂತೆ ಅವಳತ್ತ ಕೈ ಆಡಿಸಿದರು.

ಸಂಜೆ ಬಸ್ಸಿನವನು ಪೆಟ್ಟಿಗೆ ಇಳಿಸಿ ಹೋದ. ಇನ್ನು ಇದರ ಕೆಲಸವೇನು ಎಂದುಕೊಂಡೇ ಬಿಚ್ಚಿದಳು. ರೂಢಿ ಬಿಡಬೇಕಲ್ಲ, ಕೌಂಟರಿನಲ್ಲೇ ಬಿದ್ದಿದ್ದ ಸುಟ್ಟದ್ದರ ಎದುರಿಗೆ ಅದನ್ನು ಕೂರಿಸಿದಳು.

ಹೊಂದಲಿಲ್ಲ. ಹಳೆಯದರ ರೆಕ್ಕೆಗಳು ಬಾಗಿಲ ಕಡೆ, ಇದರವು ಗೋಡೆಯ ಕಡೆ.

“ತಪ್ಪು ಮಾಲು ಕಳಿಸಿದಾನೆ, ಕುರುಡ,” ಎಂದು ಗೊಣಗಿ ಪೆಟ್ಟಿಗೆಯ ನಂಬರು ನೋಡಿದಳು. ನಂಬರು ಸರಿಯಾಗಿತ್ತು. ಅವಳ ಗೊಣಗಾಟ ನಿಂತಿತು. ಎರಡನ್ನೂ ತಿರುಗಿಸಿ, ಒಂದೇ ದಿಕ್ಕಿಗೆ ಮುಖ ಮಾಡಿ ಪಕ್ಕಪಕ್ಕ ಇಟ್ಟಳು. ಅವಳಿ ಮಕ್ಕಳ ಹಾಗೆ ಕಂಡವು. ರೆಕ್ಕೆಗೆ ರೆಕ್ಕೆ ಅದೇ ಓರೆ.

ಅವಳು ತನ್ನ ಎರಡು ಅಂಗೈಗಳನ್ನು ಎದುರುಬದುರು ಹಿಡಿದು ನೋಡಿಕೊಂಡಳು. ಹೆಬ್ಬೆರಳಿಗೆ ಹೆಬ್ಬೆರಳು, ಕಿರುಬೆರಳಿಗೆ ಕಿರುಬೆರಳು. ಚೆನ್ನಾಗಿ ಹೊಂದುತ್ತಿದ್ದವು. ಆದರೆ ಒಂದು ಎಡಗೈ, ಒಂದು ಬಲಗೈ.

ಮೈದುನ ಬಂದಾಗ ಅವಳು ಇನ್ನೂ ಕೈಗಳನ್ನು ಇಳಿಸಿರಲಿಲ್ಲ. “ಕನ್ನಡಿ ಥರ ಹೊಂದಿದ್ದೇ ತಪ್ಪಾಯ್ತಪ್ಪಾ. ನಾವು ಹಾಕಿದ್ದು ಬಲಕ್ಕೆ ತಿರುಗೋ ಇಂಜಿನ್ನಿಂದು. ನಮ್ಮದು ಎಡಕ್ಕೆ ತಿರುಗೋದು,” ಎಂದಳು.

“ಆದ್ರೂ ಚಾರ್ಜ್ ಆಗ್ತಿತ್ತಲ್ಲ? ಮೀಟರ್ ಹಿಡಿದು ನಾನೇ ನೋಡಿದೆ.”

“ಚಾರ್ಜ್ ಆಗುತ್ತೆ. ಫ್ಯಾನ್ ಉಲ್ಟಾ ತಿರುಗುತ್ತೆ, ತಂಪಿಗೆ ಗಾಳಿ ಎಳೆಯಲ್ಲ. ಪಂಪು ಓಡ್ತಾನೇ ಇರುತ್ತೆ, ಅದು ಕಾಯ್ತಾನೇ ಇರುತ್ತೆ.”

ಅವನು ಏನೋ ಸಮಾಧಾನ ಹೇಳಲು ಬಾಯಿ ತೆರೆದ. ಕಣ್ಣು ಕೌಂಟರಿನ ಮೇಲಿನ ಸುಟ್ಟ ತಾಮ್ರದ ಮೇಲೆ ಬಿತ್ತು. “ಹಾಗಾದ್ರೆ ಅದೂ ಹೀಗೇ ಸುಡುತ್ತೆ,” ಎಂದ.

ಅವಳು ಫೋನ್ ಹಚ್ಚಿದಳು. ಸಿಗ್ನಲ್ ಸಿಗಲಿಲ್ಲ. ಮತ್ತೆ ಹಚ್ಚಿದಳು. ಕೆಳಗಿಡುವಷ್ಟರಲ್ಲಿ ಆ ಕಡೆಯಿಂದಲೇ ರಿಂಗಾಯಿತು. ಗಾಳಿಯ ಭೋರಾಟದ ನಡುವೆ ಗಂಡನ ದನಿ ತುಂಡುತುಂಡಾಗಿ ಬಂತು.

“ಲೇ... ಕೇಳಿಸ್ತಿದೆಯಾ... ಕೂತ್ಕೊಂಡಿದೆ ಕಣೇ...”

“ಏನ್ರೀ ಕೂತಿರೋದು? ರೀ?”

ಲೈನು ಸತ್ತಿತ್ತು.

ಮೈದುನನ ಮುಖ ಅರಳಿತು. “ನೋಡಿ ಅತ್ತಿಗೆ, ಕೂತ್ಕೊಂಡಿದೆಯಂತೆ. ನೀವು ಸುಮ್ನೆ...”

“ಅದು ನಮ್ಮ ಅಂಗಡಿ ಮಾತು,” ಎಂದಳು ಅವಳು ಮೆಲ್ಲಗೆ. “ನಡುನೀರಲ್ಲಿ ಏನಾದ್ರೂ ಕೆಟ್ಟು ನಿಂತರೆ ನಿಮ್ಮಣ್ಣ ಏನಂತಾರೆ?”

“ಕೂತ್ಕೊಂತು ಅಂತಾನೆ,” ಎಂದವನೇ ಅವನು ಪಕ್ಕದ ಮನೆಯವರ ಸಣ್ಣ ದೋಣಿಯ ಕೀಲಿ ಕೇಳಿ ತರಲು ಓಡಿದ.

ಅವಳು ಸರಿಯಾದ ಆಲ್ಟರ್ನೇಟರನ್ನು ಮಗುವಿನ ಹಾಗೆ ಸೊಂಟಕ್ಕೇರಿಸಿಕೊಂಡು ಬಂದರುಕಟ್ಟೆಯ ತುದಿಗೆ ನಡೆದಳು. ಆಕಾಶದ ಬೆಳಕು ನೀರಿನ ಮೇಲೆ ಇನ್ನೂ ಚೂರು ಉಳಿದಿತ್ತು. ಗಾಳಿ ದಡದ ಕಡೆಯಿಂದ ಹೊರಗೆ ಬೀಸುತ್ತಿತ್ತು. ದೂರದಲ್ಲಿ ದೋಣಿಗಳ ದೀಪಗಳು ಒಂದೊಂದಾಗಿ ಹೊತ್ತಿಕೊಂಡು, ಯಾರೋ ದಾರಕ್ಕೆ ಪೋಣಿಸಿಟ್ಟಂತೆ ಸಾಲಾದವು.

ಮೈದುನ ಸಣ್ಣ ದೋಣಿಯ ಹಗ್ಗ ಬಿಚ್ಚಿ, ಅವಳ ಸೊಂಟದ ಭಾರವನ್ನು ಎತ್ತಿ ಒಳಗಿಟ್ಟುಕೊಂಡ. ಇಂಜಿನ್ ಗುರುಗುಟ್ಟಿತು.

“ಯಾವ ಕಡೆ ಹೋಗ್ಲಿ ಅತ್ತಿಗೆ?”

ಅವಳು ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಕಣ್ಣಾಡಿಸಿದಳು. ಆಮೇಲೆ ಕೈಯೆತ್ತಿ, ಎರಡು ದೀಪಗಳ ನಡುವೆ ಕಪ್ಪಗಿದ್ದ ಜಾಗವನ್ನು ತೋರಿಸಿದಳು.