ಒಂದು ರೊಟ್ಟಿ ಬಡಿಯುವಷ್ಟು ಹೊತ್ತು ಉರಿದ ರಾಕೆಟ್

೧
ಈ ಕಥೆಯನ್ನು ಎಲ್ಲಿಂದ ಎತ್ತಿಕೊಳ್ಳಲಿ? ಆಕಾಶದಿಂದ ಎತ್ತಿಕೊಂಡರೆ ವಿಜ್ಞಾನ ಎನ್ನುತ್ತೀರಿ, ಸಕ್ಕರೆ ತಟ್ಟೆಯಿಂದ ಎತ್ತಿಕೊಂಡರೆ ಧಾರಾವಾಹಿ ಎನ್ನುತ್ತೀರಿ. ಮೊದಲ ಡ್ರಾಫ್ಟಿನಲ್ಲಿ ರಾಕೆಟ್ಟೇ ಮಾತಾಡುತ್ತಿತ್ತು. ಎರಡು ಪುಟ ಬರೆಯುವಷ್ಟರಲ್ಲಿ ನನಗೇ ನಿದ್ದೆ ಬಂತು. ಹರಿದು ಹಾಕಿದ್ದೇನೆ, ಹುಡುಕಬೇಡಿ.

೨
ಚಚಡಿ. ಸಂಜೆ ಏಳು ಗಂಟೆ ನಾಲ್ಕು ನಿಮಿಷ. ಶೈಲಜಾಳ ಮನೆಯಂಗಳದಲ್ಲಿ ಎರಡೂ ಕಡೆಯವರು ಜಮಖಾನೆಯ ಮೇಲೆ ಕೂತಿದ್ದಾರೆ. ಶೈಲಜಾ ಬೈಲಹೊಂಗಲದ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಫಿಸಿಕ್ಸ್ ಕಲಿಸುತ್ತಾಳೆ. ಸುರೇಬಾನದ ನಿಂಗರಾಜ ಅದೇ ಬೈಲಹೊಂಗಲದಲ್ಲಿ ಪಂಪಿನ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. (ಕಾಲೇಜಿನ ಮೋಟರ್ ಒಂದೇ ತಿಂಗಳಲ್ಲಿ ಮೂರು ಸಲ ಕೆಟ್ಟಿತ್ತು. ಮೂರನೇ ಸಲ ನಿಜವಾಗಿಯೂ ಕೆಟ್ಟಿತ್ತೇ ಎಂದು ನಾನು ಕೇಳಿಲ್ಲ.) ಹಿರಿಯರು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಸಂಬಂಧ ಪಕ್ಕಾ. ಶೈಲಜಾಳಿಗೆ ಈ ಸಂಬಂಧ ಬೇಕು. ಮುಚ್ಚುಮರೆ ಯಾಕೆ, ತುಂಬಾ ಬೇಕು.

ನಿಂಗರಾಜನ ದೊಡ್ಡಪ್ಪ ನಿಜಗುಣಪ್ಪ ಸಕ್ಕರೆ ಎತ್ತಿದ. ಅಷ್ಟರಲ್ಲಿ ಬೈಲಹೊಂಗಲದ ಕಡೆಯಿಂದ ಬೆಳಕೊಂದು ಎದ್ದು ಎಲ್ಲಮ್ಮನ ಗುಡ್ಡದತ್ತ ಹೊರಟಿತು. "ಉಧೋ ಉಧೋ!" ಎಂದು ಎಲ್ಲರೂ ಕೈ ಮುಗಿದು ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗ ಕೊನೆಯ ಕಿಡಿಗಳು ಆರುತ್ತಿದ್ದವು.

"ಚಿಕ್ಕಿ ಬಿತ್ತು," ಎಂದು ನಿಜಗುಣಪ್ಪ ಸಕ್ಕರೆಯನ್ನು ತಟ್ಟೆಗೇ ಹಾಕಿದ. ನಕ್ಷತ್ರ ಉದುರಿದರೆ ಅಪಶಕುನ. "ಇವತ್ತ ಬ್ಯಾಡ. ಮುಂದ ನೋಡೂಣು."

(ಹಿರಿಯರ ಬಾಯಲ್ಲಿ 'ಮುಂದ ನೋಡೂಣು' ಬಂದರೆ ಅದರ ಅರ್ಥವೇನೆಂದು ನಿಮಗೂ ಗೊತ್ತು, ಶೈಲಜಾಳಿಗೂ ಗೊತ್ತು.)

೩, ಬರೆಯಲು ನನಗೇ ನಾಚಿಕೆಯಾಗುವ ಭಾಗ
ಅಲ್ಲಿದ್ದ ಒಬ್ಬಳೇ ಒಬ್ಬ ಫಿಸಿಕ್ಸ್ ಮೇಡಮ್ ಏನು ನೋಡಿದಳು? ಜಮಖಾನೆ. ತಾಯಿ ಶೆಟ್ಟೆವ್ವ ಮಗಳ ತಲೆಯನ್ನು ನಮಸ್ಕಾರಕ್ಕೆಂದು ಒತ್ತಿ ಹಿಡಿದಿದ್ದಳು.

"ಕಾಕಾರ, ಅದು ಚಿಕ್ಕಿ ಅಲ್ರಿ. ರಾಕೆಟ್ಟಿನ ತುಂಡು ಉರಕೋತ ಬಂದಿರಬೇಕು," ಎಂದಳು ಶೈಲಜಾ.

"ನೀ ನೋಡಿದೇನವಾ?"

ಇಲ್ಲ ಎನ್ನುವುದು ಹೇಗೆ? ಆಗ ಅಂಗಳದ ಮೂಲೆಯ ಒಲೆಯ ಮುಂದಿಂದ ಅಜ್ಜಿ ರಾಚವ್ವ ಬಾಯಿ ಹಾಕಿದಳು.

"ನಾ ನೋಡೇನಿ. ಹಿಟ್ಟಿನ ಕೈ ಹೆಂಗ ಮುಗೀಲಿ? ನೋಡಕೋತ ರೊಟ್ಟಿ ಬಡದೆ. ಒಂದ ಇದ್ದದ್ದು ಏಳು ತುಂಡಾತು. ಸಾಲ ಹಿಡದು ಸಾವಕಾಶ ಹೋದ್ವು. ಅವು ಹೋಗೂದ್ರಾಗ ಒಂದ ರೊಟ್ಟಿ ಆತು."

ಶೈಲಜಾ ಒಲೆಯ ಮುಂದೆ ಕೂತು ಮೊಬೈಲಿನ ಸ್ಟಾಪ್‌ವಾಚ್ ಒತ್ತಿದಳು. ರಾಚವ್ವ ಮೂರು ರೊಟ್ಟಿ ಬಡಿದಳು. ನಲವತ್ತೆಂಟು ಸೆಕೆಂಡ್, ಐವತ್ತೊಂದು, ಐವತ್ತು. ಎಷ್ಟು ವರ್ಷದ ಕೈ ಅದು!

"ಚಿಕ್ಕಿ ಉದುರೂದು ಎರಡ ಮೂರ ಸೆಕೆಂಡಿನ ಮಾತು, ಕಾಕಾರ. ಐವತ್ತು ಸೆಕೆಂಡ್ ಅದು ಉಳಿಯೂದಿಲ್ಲ."

೪
ನಿಜಗುಣಪ್ಪ ಹಟಮಾರಿ ಅಲ್ಲ. ಆದರೆ ಯಾರನ್ನು ಕಂಡರೂ ಮೊದಲು ಕೇಳುವುದನ್ನೇ ರಾಕೆಟ್ಟಿಗೂ ಕೇಳಿದ.

"ಆತು, ರಾಕೆಟ್ ಅಂತನ ತಿಳಕೊಳ್ಳೂಣು. ಯಾರ ಪೈಕಿ? ಯಾವ ಊರಿಂದು? ಮನಿತನ ಗೊತ್ತಿಲ್ಲದ್ದಕ್ಕ ಹೆಂಗ ಹೂಂ ಅನ್ನೂದು?"

ಶೈಲಜಾ ಮೊಬೈಲಿನಲ್ಲಿ ಹುಡುಕಿದಳು. ಆ ದಿನ ಬೀಳಬಹುದಾಗಿದ್ದ ಖಾಲಿ ರಾಕೆಟ್ ಭಾಗಗಳು ಎರಡು. ಒಂದು ಈ ಆಕಾಶ ದಾಟಬೇಕಾಗಿದ್ದದ್ದು ಇಪ್ಪತ್ತು ನಿಮಿಷ ಮೊದಲು, ಇನ್ನೊಂದು ಹನ್ನೊಂದು ನಿಮಿಷ ತಡವಾಗಿ. ಬೆಳಕು ಕಂಡ ಹೊತ್ತಿಗೆ ಎರಡೂ ಹೊಂದಲಿಲ್ಲ.

"ಹನ್ನೊಂದೇ ನಿಮಿಷ ತಾನೇ?" ಎಂದು ನಾನು ಅವಳ ಕಿವಿಯಲ್ಲಿ ಉಸುರಿದೆ. "ಅಳಿಸಿಬಿಡುತ್ತೇನೆ. ಕಥೆ ನನ್ನದು."

"ಅಳತಿ ನನ್ನದ್ರಿ," ಎಂದಳು. "ಅದನ್ನ ತಿದ್ದಿದ್ರ ನಾ ಈ ಕಥಿಯೊಳಗ ಇರೂದಿಲ್ಲ."

ಆಮೇಲೆ ನಿಜಗುಣಪ್ಪನತ್ತ ತಿರುಗಿದಳು. ದನಿ ಕ್ಲಾಸಿನದು. "ರಾಕೆಟ್ ಅನ್ನೂದು ಖರೇ. ಯಾರದು ಅನ್ನೂದು ನನಗ ಗೊತ್ತಿಲ್ರಿ."

೪ (ಕ)
ಅವಳ ಸತ್ಯಕ್ಕೆ ಮೆಚ್ಚಿ ನಿಜಗುಣಪ್ಪ ಕಣ್ಣೀರು ಒರೆಸಿಕೊಂಡ. (ಛೇ. ಸಕ್ಕರೆಗಿಂತ ಸಿಹಿಯಾಯಿತು.)

೪ (ಖ)
ಸುರೇಬಾನದವರ ಜೀಪು ಹೊರಟೇ ಹೋಯಿತು. (ಇದನ್ನು ಬರೆಯುವಾಗ ರಾಚವ್ವ ನನ್ನತ್ತ ಸೌಟು ಎತ್ತಿದಳು. ಹೊಡೆದು ಹಾಕಿದೆ, ವಾಕ್ಯವನ್ನು.)

೫
ಶೈಲಜಾ ಸುಮ್ಮನೆ ಕೂರುವವಳಲ್ಲ. ಇಂಥದ್ದನ್ನು ಕಂಡವರು ತುಂಬಿ ಕಳಿಸುವ ಫಾರ್ಮ್ ಒಂದಿದೆ. ಅದನ್ನು ಮೊಬೈಲಿನಲ್ಲಿ ತೆರೆದು, ಅಜ್ಜಿಯನ್ನು ಬಿಟ್ಟು ಅಂಗಳದಲ್ಲಿದ್ದ ಒಬ್ಬೊಬ್ಬರನ್ನೇ ಕೇಳಿದಳು. ಎಲ್ಲರದೂ ಒಂದೇ ಉತ್ತರ, ಕಣ್ಣು ಮುಚ್ಚಿದ್ದೆ. ಕೊನೆಗೆ ನಿಂಗರಾಜ.

"ನೀವೂ ಮುಚ್ಚಿದ್ರೇನು?"

"ಇಲ್ರಿ ಮೇಡಮ್ಮಾರ. ತೆರದ ಇದ್ದೆ."

ಅವಳಿಗೆ ಹೋದ ಜೀವ ಬಂತು. "ಎಷ್ಟ ತುಂಡಾತು?"

"ಗೊತ್ತಿಲ್ಲ."

"ಯಾವ ದಿಕ್ಕಿಗೆ ಹೋತು?"

"ಅದೂ ಗೊತ್ತಿಲ್ಲ."

"ಮತ್ತ ಕಣ್ಣ ತಕ್ಕೊಂಡು ಏನ ನೋಡಿದ್ರಿ?"

ನಿಂಗರಾಜ ದೊಡ್ಡಪ್ಪನನ್ನು ಒಮ್ಮೆ ನೋಡಿ, ಧೈರ್ಯ ಮಾಡಿದ. "ನಿಮ್ಮನ್ನ ನೋಡಕೋತ ಕುಂತಿದ್ದೆ. ತಲಿ ಬಗ್ಗಿಸಿದ್ರಲ್ಲ, ನಿಮ್ಮ ಬೈತಲಿ ಮ್ಯಾಲ ಬೆಳಕ ಹಾದು ಹೋತು."

ಇದನ್ನು ಫಾರ್ಮಿನ ಯಾವ ಕಾಲಮ್ಮಿಗೆ ಹಾಕಬೇಕೆಂದು ಫಿಸಿಕ್ಸ್ ಮೇಡಮ್ಮಿಗೆ ತಿಳಿಯಲಿಲ್ಲ. ಕಿವಿಯವರೆಗೂ ಕೆಂಪಾದಳು.

ನಿಜಗುಣಪ್ಪ ಕೆಮ್ಮಿದ. ಅವನ ಕೈ ತಟ್ಟೆಯ ಕಡೆ ಚಾಚಿತು. ತೆಗೆದುಕೊಳ್ಳಲೋ, ಸರಿಸಲೋ? ನೋಡಲು ನಾನು ಬಗ್ಗಿದೆ.

"ಲೇಖಕರ," ಎಂದಳು ಶೈಲಜಾ, "ಚಹಾ ಕುಡದ್ರಿ, ಕಥೀನೂ ಆತು. ಇನ್ನ ಹೊರಡ್ರಿ. ಇದು ಮನಿ ಮಂದಿ ಮಾತು."

ನನ್ನನ್ನು ಬೀದಿಗೆ ಬಿಟ್ಟು ಅಂಗಳದ ಬಾಗಿಲು ಹಾಕಿಕೊಂಡಳು. ಎಷ್ಟು ಬಡಿದರೂ ತೆಗೆಯಲಿಲ್ಲ. ಒಳಗೆ ಯಾರೋ ಜೋರಾಗಿ ನಕ್ಕರು. ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ, ಹೊರಗೆ ನಿಂತವನಿಗೆ ಗುರುತು ಹತ್ತಲಿಲ್ಲ.